ಯೆಹೂದಿ ಪೊಲೀಸರ ಸಂಘವೂ ಆಲೂಗಡ್ಡೆ ಕ್ನಿಷ್ಷೂ

ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್ ಎಲ್ಲ ನೋಡಿದ್ದಾಯ್ತು. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ, ಬಿಡಿ. ನಾನು ಬರೆಯಲು ಕೂತಿರುವುದು ಹಿಂದೆ ಯೆಹೂದಿ ವಲಸಿಗರು ತುಂಬಿಕೊಂಡಿದ್ದ ಲೋಯರ್ ಈಸ್ಟ್ ಸೈಡ್ ಬಡಾವಣೆಯಲ್ಲಿ ಕಳೆದ ಒಂದು ಮಧ್ಯಾಹ್ನದ ಬಗ್ಗೆ.

ಆ ಕಡೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿಸಿಕೊಂಡು ಬೀದಿ ಸುತ್ತಿಸುವ ಗೈಡ್‌ಗಳನ್ನು ನಂಬಬೇಡಿ. ನಮ್ಮವನು ತಡವಾಗಿ ಬಂದ. 1887ರ ಎಲ್ಡ್ರಿಜ್ ಸ್ಟ್ರೀಟ್ ಸಿನಗಾಗ್ (ಯೆಹೂದಿಗಳ ಪ್ರಾರ್ಥನಾ ಮಂದಿರ) ಅನ್ನು ಹೊರಗಿನಿಂದಲೇ ತೋರಿಸಿ ಓಡಿಸಿಕೊಂಡು ಹೋದ. ಒಳಗೆ ಹೋಗಬೇಕೆಂದರೆ ನೀವೇ ಹೋಗಿ, ಆದರೆ ಶನಿವಾರ ಬೇಡ, ಅದು ಸಬ್ಬತ್, ಯೆಹೂದಿಗಳ ವಾರದ ವಿಶ್ರಾಂತಿ ದಿನ, ಪ್ರವಾಸಿಗರಿಗೆ ಬಾಗಿಲು ಹಾಕಿರುತ್ತದೆ.

ಮಧ್ಯಾಹ್ನ ಸಾರ್ಥಕವಾಗಿದ್ದು ಭಾವನ ಸಹೋದ್ಯೋಗಿಯ ತಂದೆಯಿಂದ. ಅವರು ನ್ಯೂಯಾರ್ಕ್ ಪೊಲೀಸ್ ಇಲಾಖೆಯ ನಿವೃತ್ತ ಸಾರ್ಜೆಂಟ್, ಯೆಹೂದಿ. ಹೌಸ್ಟನ್ ಬೀದಿಯಲ್ಲಿ 1910ರಿಂದ ಇರುವ ಯೋನಾ ಶಿಮ್ಮೆಲ್ ಅಂಗಡಿಗೆ ಕರೆದೊಯ್ದು ಕ್ನಿಷ್ ಕೊಡಿಸಿದರು. ಮೈದಾ ಹಿಟ್ಟಿನ ತೆಳ್ಳನೆ ಹೊದಿಕೆಯೊಳಗೆ ಮುಷ್ಟಿಗಾತ್ರದ ಆಲೂಗಡ್ಡೆ ಪಲ್ಯ ತುಂಬಿ ಬೇಯಿಸಿದ್ದು. ಕರಿಯಲು ಮರೆತ ಆಲೂಬೋಂಡ ಅನ್ನಿ. ಬಿಸಿಯಾಗಿತ್ತು, ಹೊಟ್ಟೆಯೂ ತುಂಬಿತು, ರುಚಿ ಮಾತ್ರ ಸಪ್ಪೆ. ಸಾಸಿವೆ ಗೊಜ್ಜು ಮೆತ್ತಿಕೊಂಡರೂ ಸಪ್ಪೆಯೇ.

ಅವರ ಕೋಟಿನ ಮೇಲಿನ ಸಣ್ಣ ಬಿಲ್ಲೆ ನೋಡಿ ಏನೆಂದು ಕೇಳಿದೆ. "ಶೋಮ್ರಿಮ್ ಸೊಸೈಟಿ. ಯೆಹೂದಿ ಪೊಲೀಸರ ಸಂಘ, 1924ರದ್ದು," ಎಂದರು. ಬ್ರೂಕ್ಲಿನ್‌ನಲ್ಲಿ ಅದೇ ಹೆಸರಿನಲ್ಲಿ ಗಸ್ತು ತಿರುಗುವ ಯೆಹೂದಿ ನಾಗರಿಕರ ಕಾವಲು ಪಡೆಗಳೇ ಬೇರೆ, ತಾವೇ ಬೇರೆ ಎಂದು ಕೇಳದೆಯೇ ಸ್ಪಷ್ಟಪಡಿಸಿದರು. ಈ ಗೊಂದಲ ಅವರಿಗೆ ಸಾಕುಸಾಕಾಗಿರಬೇಕು.

ನನಗೆ ಕಸಿವಿಸಿ. ಪೊಲೀಸ್ ಇಲಾಖೆಯೊಳಗೆ ಜಾತಿ ಸಂಘವೇ? ಹಾಗೆಂದೇ ಕೇಳಿಬಿಟ್ಟೆ. ಅವರು ಬೇಸರಿಸಿಕೊಳ್ಳಲಿಲ್ಲ.

"ಐರಿಷರಿಗೆ ಸಂಘ ಬೇಕಿರಲಿಲ್ಲ, ಇಲಾಖೆಯೇ ಅವರದಾಗಿತ್ತು. ಆದರೂ ಆಮೇಲೆ ಎಮರಾಲ್ಡ್ ಸೊಸೈಟಿ ಮಾಡಿಕೊಂಡರು. ಇಟಾಲಿಯನ್ನರಿಗೆ ಕೊಲಂಬಿಯಾ, ಕರಿಯರಿಗೆ ಗಾರ್ಡಿಯನ್ಸ್. ಮನೆಯಲ್ಲಿ ಪೊಲೀಸ್ ಚಿಕ್ಕಪ್ಪ ಇಲ್ಲದವನಿಗೆ ಬಡ್ತಿ ಪರೀಕ್ಷೆಗೆ ಏನು ಓದಬೇಕೆಂದು ಹೇಳುವವರು ಯಾರು? ನಮ್ಮ ಉಪವಾಸದ ದೊಡ್ಡ ಹಬ್ಬ ಯೋಮ್ ಕಿಪ್ಪುರ್ ದಿನ ರಜೆ ಕೇಳೋಕೆ ಜೊತೆಗೆ ನಿಲ್ಲುವವರು ಯಾರು?" ಆ ದಿನ ಐರಿಷ್ ಗೆಳೆಯ ಇವರ ಪಾಳಿ ಮಾಡುತ್ತಿದ್ದನಂತೆ, ಕ್ರಿಸ್‌ಮಸ್ ರಾತ್ರಿ ಇವರು ಅವನದ್ದು.

ಆಮೇಲೆ ಹಳೆಯ ಕಥೆಗೆ ಇಳಿದರು. 1895ರಲ್ಲಿ ಪೊಲೀಸ್ ಮಂಡಳಿಯ ಅಧ್ಯಕ್ಷರಾದವರು ಥಿಯೋಡೋರ್ ರೂಸ್‌ವೆಲ್ಟ್, ಮುಂದೆ ಅಮೆರಿಕದ ಅಧ್ಯಕ್ಷರಾದ ಅದೇ ಮನುಷ್ಯ. ಶಿಫಾರಸು ಬಿಟ್ಟು ಪರೀಕ್ಷೆ ನೋಡಿ ನೇಮಿಸತೊಡಗಿದ್ದರಿಂದ ಯೆಹೂದಿ ಹುಡುಗರಿಗೂ ಬಾಗಿಲು ತೆರೆಯಿತು. ಅದೇ ಹೊತ್ತಿಗೆ ಯೆಹೂದಿಗಳ ವಿರುದ್ಧ ಭಾಷಣ ಮಾಡಲು ಅಲ್ವಾರ್ಟ್ ಎಂಬ ಜರ್ಮನ್ ಬಂದ. ಸಭೆ ನಿಲ್ಲಿಸಿ ಎಂದು ಒತ್ತಡ ಬಂದರೂ ರೂಸ್‌ವೆಲ್ಟ್ ನಿಲ್ಲಿಸಲಿಲ್ಲ. ಅವನ ರಕ್ಷಣೆಗೆಂದು ಯೆಹೂದಿ ಪೊಲೀಸರನ್ನೇ ಆರಿಸಿ ನಿಲ್ಲಿಸಿದರು! ಇದನ್ನು ಹೇಳುವಾಗ ಸಾರ್ಜೆಂಟರು ಮೇಜು ತಟ್ಟಿ ನಕ್ಕರು, ಕಾಗದದ ತಟ್ಟೆ ಹಾರಿತು.

"ಆದರೆ 1908 ಮರೆಯಬೇಡಿ," ಎಂದು ಮುಖ ಗಂಟಿಕ್ಕಿದರು. ಆ ವರ್ಷ ಪೊಲೀಸ್ ಕಮಿಷನರ್ ಬಿಂಗ್‌ಹ್ಯಾಮ್, ನಗರದ ಅಪರಾಧಿಗಳಲ್ಲಿ ಅರ್ಧದಷ್ಟು ಯೆಹೂದಿಗಳೇ ಎಂದು ಪತ್ರಿಕೆಯಲ್ಲಿ ಬರೆದ. ಗಲಾಟೆ ಎದ್ದ ಮೇಲೆ ಮಾತು ಹಿಂತೆಗೆದುಕೊಂಡ. ಅಂಥ ಇಲಾಖೆಯಲ್ಲಿ ಹದಿನಾರು ವರ್ಷಗಳ ನಂತರ ಸಂಘ ಹುಟ್ಟಿದ್ದರಲ್ಲಿ ಆಶ್ಚರ್ಯವೇನು ಎಂಬುದು ಅವರ ವಾದ.

ನಾನು ಪೂರ್ತಿ ಒಪ್ಪಲಿಲ್ಲ. ಸಂಘಗಳು ಬೆಳೆದಂತೆ ಮೇಲಿನವರ ಹತ್ತಿರ ಲಾಬಿಯೂ ಬೆಳೆಯುವುದಿಲ್ಲವೇ? "ಬೆಳೆಯುತ್ತೆ. ನಾವೂ ಮಾಡಿದ್ದೀವಿ," ಎಂದು ಸಲೀಸಾಗಿ ಒಪ್ಪಿಕೊಂಡು ಎಗ್ ಕ್ರೀಮ್ ತರಿಸಿದರು. ಮೊಟ್ಟೆಯೂ ಇಲ್ಲ, ಕ್ರೀಮೂ ಇಲ್ಲ. ಹಾಲು, ಸೋಡಾ, ಚಾಕಲೇಟ್ ಸಿರಪ್ ಅಷ್ಟೇ. ಇದು ಮಾತ್ರ ಸೊಗಸಾಗಿತ್ತು.

ಈಗ ಇಲಾಖೆಯಲ್ಲಿ ದೇಸಿ, ಅಂದರೆ ಭಾರತ ಉಪಖಂಡದ ಮೂಲದ ಪೊಲೀಸರ ಸಂಘವಿದೆ, ಬಾಂಗ್ಲಾದೇಶಿಗಳದ್ದು ಬೇರೆಯೇ ಇದೆ. ಅವರ ವಾರ್ಷಿಕ ಭೋಜನಕ್ಕೆ ಇವರಿಗೂ ಕರೆ ಬರುತ್ತದಂತೆ. "ನಮ್ಮ ಸಂಘದ ಊಟಕ್ಕಿಂತ ಅದೇ ವಾಸಿ," ಎಂದು ನನ್ನ ತಟ್ಟೆಯಲ್ಲಿ ಉಳಿದಿದ್ದ ಅರ್ಧ ಕ್ನಿಷ್ ಎತ್ತಿಕೊಂಡರು.