ಲ್ಯಾಪ್‌ಟಾಪ್ ಮನೆಯಲ್ಲಿ, ನಾನು ಬಾದಾಮಿಯಲ್ಲಿ

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನಿಧಾನವಾಗಿ ನೋಡಬೇಕೆಂದು ಹೊರಟಾಗ ಲ್ಯಾಪ್‌ಟಾಪ್ ಬಿಟ್ಟು ಟ್ಯಾಬ್ ಒಂದನ್ನೇ ಒಯ್ದರೆ ಸಾಕೇ ಎಂದು ಮನೆಯಲ್ಲಿ ಮೊದಲು ನಡೆದದ್ದು ತೂಕದ ಲೆಕ್ಕಾಚಾರ. ನನ್ನ ಲ್ಯಾಪ್‌ಟಾಪ್ ಹಳೆಯದು, ಅಡಾಪ್ಟರ್ ಸೇರಿದರೆ ಎರಡೂವರೆ ಕಿಲೋ ದಾಟುತ್ತದೆ. 11 ಇಂಚಿನ ಟ್ಯಾಬ್ ಹೆಚ್ಚೂಕಡಿಮೆ ಅರ್ಧ ಕಿಲೋ. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅಂಗಡಿಯವರು ಟ್ಯಾಬ್‌ನ ತೂಕ ಹೇಳುತ್ತಾರೆಯೇ ಹೊರತು ಕೀಬೋರ್ಡ್ ಕವರಿನ ತೂಕ ಹೇಳುವುದಿಲ್ಲ. ಕೆಲವು ಕವರುಗಳು ಟ್ಯಾಬ್‌ಗಿಂತ ಭಾರ. ಎರಡೂ ಸೇರಿದರೆ ಈಗಿನ ತೆಳು ಲ್ಯಾಪ್‌ಟಾಪ್‌ನಷ್ಟೇ ಆಗುತ್ತವೆ, ಬೆಲೆಯಲ್ಲೂ ಅಷ್ಟೇ. ಆ ಕವರು ಬೇಡವೆಂದು ಮಡಚುವ ಸಣ್ಣ ಬ್ಲೂಟೂತ್ ಕೀಬೋರ್ಡ್ ಚೀಲಕ್ಕೆ ಹಾಕಿದೆ. ನಾನು ಪ್ರಕಾಶಕರಿಗೆ ಕರಡು ತಿದ್ದಿಕೊಡುವವಳು. ಊರು ಬಿಟ್ಟರೂ ಕೆಲಸ ಬೆನ್ನು ಬಿಡುವುದಿಲ್ಲ.

ಬೆಂಗಳೂರಿನಲ್ಲಿ ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಹುಬ್ಬಳ್ಳಿ, ಗದಗ ದಾಟಿ ಬೆಳಿಗ್ಗೆ ಬಾದಾಮಿ. ಸ್ಲೀಪರ್ ಬೋಗಿಯ ಮೇಲಿನ ಬರ್ತ್‌ನಲ್ಲಿ ಲ್ಯಾಪ್‌ಟಾಪ್ ತೆರೆದು ನೋಡಿದವರಿಗೆ ಗೊತ್ತು, ಕೂತರೆ ತಲೆ ಮೇಲಕ್ಕೆ ಬಡಿಯುತ್ತದೆ, ಮಲಗಿದರೆ ಎದೆ ಮೇಲೆ ಭಾರ. ಟ್ಯಾಬ್ ಹಿಡಿದು ಮಗ್ಗುಲಾಗಿ ಮಲಗಿ ಓದಬಹುದು. ರಾತ್ರಿ 11ರಿಂದ ಬೆಳಗಿನ 5ರವರೆಗೆ ಬೋಗಿಯ ಚಾರ್ಜಿಂಗ್ ಪಾಯಿಂಟ್‌ಗಳನ್ನು ಬಂದ್ ಮಾಡಬೇಕೆಂದು ರೈಲ್ವೆಯ ಸೂಚನೆಯೇ ಇದೆ, ಬೆಂಕಿ ಅನಾಹುತದ ಭಯಕ್ಕೆ. ಅದರಿಂದಲೂ ತೊಂದರೆಯಾಗಲಿಲ್ಲ. 20,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ ಸುಮಾರು 74 ವ್ಯಾಟ್-ಅವರ್. ಟ್ಯಾಬ್‌ನ ಬ್ಯಾಟರಿ 30ರ ಆಸುಪಾಸು. ದಾರಿಯಲ್ಲಿ ಒಂದಿಷ್ಟು ಸೋರಿಹೋದರೂ ಟ್ಯಾಬನ್ನು ಒಂದೂವರೆ ಸಲ ಚಾರ್ಜ್ ಮಾಡಲು ಮೋಸವಿಲ್ಲ. ನನ್ನ ಲ್ಯಾಪ್‌ಟಾಪ್ ಆ ಪವರ್ ಬ್ಯಾಂಕಿನತ್ತ ತಿರುಗಿಯೂ ನೋಡುವುದಿಲ್ಲ, ಅದಕ್ಕೆ ಅದರದೇ ದುಂಡು ಪಿನ್ನು ಬೇಕು.

ಬಾದಾಮಿ ನಿಲ್ದಾಣದಿಂದ ಊರಿಗೆ ಐದು ಕಿಲೋಮೀಟರ್. ಲಾಡ್ಜಿನಲ್ಲಿ ಮುಖ ತೊಳೆದು ನೇರ ಮೂರನೇ ಗುಹೆಗೆ ಹತ್ತಿದೆ. ಚಾಲುಕ್ಯರ ಮಂಗಳೇಶ ತನ್ನ ಅಣ್ಣ, ಅರಸ ಕೀರ್ತಿವರ್ಮನ ಕಾಲದಲ್ಲಿ ಮಾಡಿಸಿದ್ದು. ಶಕ 500, ಅಂದರೆ ಕ್ರಿ.ಶ. 578 ಎಂದು ಶಾಸನವೇ ಹೇಳುತ್ತದೆ. ಹೀಗೆ ತನ್ನ ವಯಸ್ಸನ್ನು ತಾನೇ ಹೇಳಿಕೊಳ್ಳುವ ಗುಹಾಲಯ ಅಪರೂಪ. ಒಳಗಿನ ನೆರಳಲ್ಲಿ ಟ್ಯಾಬ್ ಚೆನ್ನಾಗಿ ನಡೆಯಿತು. ಕಂಬದ ಚಿತ್ರ ತೆಗೆದು, ಅದರ ಮೇಲೆಯೇ ಸ್ಟೈಲಸ್‌ನಿಂದ ಗೆರೆ ಎಳೆದು, ಪಕ್ಕದಲ್ಲಿ ಕೈಬರಹದಲ್ಲಿ ಟಿಪ್ಪಣಿ ಬರೆದೆ. ಹೊರಗೆ ಬಂದರೆ ಬೇರೆ ಕಥೆ. ಅಗಸ್ತ್ಯ ತೀರ್ಥದ ದಂಡೆಯ ಬಿಸಿಲಿಗೆ ಪರದೆಯಲ್ಲಿ ಕಂಡದ್ದು ನನ್ನ ಮುಖ ಮಾತ್ರ. ಭೂತನಾಥ ಗುಡಿಯ ಹತ್ತಿರ ಯಂತ್ರ ಕಾದು, ತಣ್ಣಗಾಗುವವರೆಗೆ ಕೆಲಸ ಮಾಡುವುದಿಲ್ಲವೆಂದು ಮುಷ್ಕರ ಹೂಡಿತು. ಈ ಸೀಮೆಗೆ ಬರುವವರು ಒಂದು ನೋಟ್‌ಬುಕ್ಕು, ಪೆನ್ನು ಇಟ್ಟುಕೊಳ್ಳುವುದು ಕ್ಷೇಮ.

ಮಧ್ಯಾಹ್ನ ಬನಶಂಕರಿಗೆ ಹೋದೆ. ಗುಡಿಯ ಬಳಿ ಬುಟ್ಟಿ ಹೊತ್ತು ಬರುವ ಹೆಂಗಸರು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸುತ್ತಾರೆ. ಅದನ್ನು ತಪ್ಪಿಸಿಕೊಂಡು ಬಂದರೆ ಬಾದಾಮಿ ನೋಡಿದಂತಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ರೊಟ್ಟಿ ಹಾಕಿದ ಅಜ್ಜಿ ಟ್ಯಾಬನ್ನು ಬಹಳ ಹೊತ್ತು ನೋಡಿ, "ಯವ್ವಾ, ಇದರಾಗ ಧಾರಾವಾಹಿನೂ ಬರತಾವೇನ?" ಎಂದಳು. ಬರುತ್ತವೆ ಎಂದೆ. "ಹಂಗಾದ್ರ ಚೊಲೋ ಐತಿ ಬಿಡು," ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಪಟ್ಟದಕಲ್ಲಿನಲ್ಲಿ ಟ್ಯಾಬ್ ನಿಜಕ್ಕೂ ತನ್ನ ಋಣ ತೀರಿಸಿತು. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಗೂ ಕಂಚಿಯ ಕೈಲಾಸನಾಥಕ್ಕೂ ಇರುವ ಹೋಲಿಕೆಯನ್ನು ಎಲ್ಲರೂ ಹೇಳುತ್ತಾರೆ. ಪರದೆಯನ್ನು ಇಬ್ಭಾಗ ಮಾಡಿ ಒಂದು ಬದಿಗೆ ಕಂಚಿಯ ಹಳೆಯ ಚಿತ್ರ, ಇನ್ನೊಂದು ಬದಿಗೆ ಆಗಷ್ಟೇ ತೆಗೆದ ಚಿತ್ರ ಇಟ್ಟುಕೊಂಡು ಗೋಡೆಯ ಎದುರೇ ನಿಂತು ನೋಡಿದೆ. ಲ್ಯಾಪ್‌ಟಾಪನ್ನು ಅಂಗೈಯಲ್ಲಿಟ್ಟುಕೊಂಡು ಗುಡಿಗೆ ಪ್ರದಕ್ಷಿಣೆ ಬರುವವರನ್ನು ನಾನಂತೂ ಕಂಡಿಲ್ಲ.

ಐಹೊಳೆಯ ಮೇಗುತಿ ಗುಡ್ಡ ಹತ್ತಿದ್ದು ಬೆಳ್ಳಂಬೆಳಿಗ್ಗೆ, ಬಿಸಿಲಿಗೆ ಮೊದಲು. ಗುಡಿಯ ಪೂರ್ವದ ಗೋಡೆಯಲ್ಲಿ ರವಿಕೀರ್ತಿಯ ಶಾಸನ, ಶಕ 556ರದು, ಅಂದರೆ ಕ್ರಿ.ಶ. 634-35. ಹರ್ಷನ ಹರ್ಷವನ್ನು ಇಮ್ಮಡಿ ಪುಲಕೇಶಿ ಕಳೆದ ಸಂಗತಿ ಇರುವುದು ಇದರಲ್ಲೇ. ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡದ್ದೂ ಇದರಲ್ಲೇ. ಈ ಶಾಸನವನ್ನು ವಿದ್ವಾಂಸ ಕೀಲ್‌ಹಾರ್ನ್ ಸಂಪಾದಿಸಿದ, ಶಾಸನಗಳ ಪಾಠ ಪ್ರಕಟಿಸುವ ಎಪಿಗ್ರಾಫಿಯಾ ಇಂಡಿಕಾದ 6ನೇ ಸಂಪುಟ ಸ್ಕ್ಯಾನ್ ಆಗಿ ಉಚಿತವಾಗಿ ಸಿಗುತ್ತದೆ. ಇಂಥ ಸಂಪುಟವನ್ನು ಗುಡ್ಡದ ಮೇಲಕ್ಕೆ ಹೊರುವುದಿರಲಿ, ಗ್ರಂಥಾಲಯದಿಂದ ಹೊರಗೆ ಒಯ್ಯಲೂ ಕೊಡುವುದಿಲ್ಲ. ಕಲ್ಲಿನ ಒಂದು ಸಾಲು, ಸಂಪುಟದಲ್ಲಿರುವ ಪಡಿಯಚ್ಚಿನ, ಅಂದರೆ ಶಾಸನದ ಪಡಿಚಿತ್ರದ, ಅದೇ ಸಾಲು. ಎರಡು ಬೆರಳಲ್ಲಿ ಹಿಗ್ಗಿಸಿ ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಕೂತೆ. ಸಂಸ್ಕೃತ ನನಗೆ ಅಷ್ಟಕ್ಕಷ್ಟೆ, ಆದರೆ ಲಿಪಿ ನಮ್ಮದೇ ಹಳಗನ್ನಡದ್ದು. ಮೊದಲು "ರ" ಸಿಕ್ಕಿತು, ಆಮೇಲೆ "ವ", ಆಮೇಲೆ ಇಡೀ "ರವಿಕೀರ್ತಿ". ಕಾವಲುಗಾರ ಬಂದು ಬಗ್ಗಿ ನೋಡಿ, ದಿನಾ ಇಲ್ಲೇ ಇರುವ ತನಗೂ ಆ ಹೆಸರು ಎಲ್ಲಿದೆ ತೋರಿಸಬೇಕೆಂದ. ಇಬ್ಬರೂ ಸೇರಿ ಮತ್ತೊಮ್ಮೆ ಹುಡುಕಿದೆವು.

ಆ ಸಂಜೆ ಲಾಡ್ಜಿನಲ್ಲಿ ಪ್ರಕಾಶಕರ ಫೈಲ್ ಬಂತು, ಮಾರನೇ ದಿನವೇ ತಿದ್ದಿ ಕಳಿಸಬೇಕೆಂಬ ಮಾತಿನೊಂದಿಗೆ. ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕನ್ನಡ ಪುಸ್ತಕೋದ್ಯಮ ಬಲ್ಲವರಿಗೆ ಇದು ಹೊಸತಲ್ಲ. ಎಲ್ಲ ಯಂತ್ರಗಳಲ್ಲೂ ಕನ್ನಡ ಕನ್ನಡವಾಗಿಯೇ ಕಾಣಿಸುವ ಯುನಿಕೋಡ್ ಬಂದು ಇಷ್ಟು ವರ್ಷವಾದರೂ ನಮ್ಮ ಎಷ್ಟೋ ಪುಸ್ತಕಗಳು ಇಂದಿಗೂ ಹಳೆಯ ನುಡಿ ಫಾಂಟ್‌ಗಳಲ್ಲಿ, ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದಲ್ಲೇ ಸಿದ್ಧವಾಗುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಕಾಣುವುದು ಹೀಗೆಯೇ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದರ ಬದಲು ಬಂದ ಇನ್‌ಡಿಸೈನ್ ಕೂಡ ಟ್ಯಾಬ್‌ನಲ್ಲಿ ಇಲ್ಲ. ಪರಿವರ್ತಕಗಳು ಅಕ್ಷರವನ್ನೇನೋ ಯುನಿಕೋಡ್ ಮಾಡಿಕೊಡುತ್ತವೆ, ಆದರೆ ಪುಟವಿನ್ಯಾಸ ಚೆಲ್ಲಾಪಿಲ್ಲಿಯಾಗುತ್ತದೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಪಿಡಿಎಫ್ ತರಿಸಿಕೊಂಡು ಸ್ಟೈಲಸ್‌ನಿಂದ ಗುರುತು ಹಾಕತೊಡಗಿದೆ. ಕಾಗದದ ಕರಡಿನ ಮೇಲೆ ಕೆಂಪು ಶಾಯಿ ಓಡಿಸಿದಷ್ಟೇ ಸಲೀಸಾಗಿತ್ತು, ಅಲ್ಲಿವರೆಗೆ ಸುಖವೇ. ಆದರೆ ಒಂದು ಅಧ್ಯಾಯಕ್ಕೆ ಹೊಸ ಪ್ಯಾರಾಗಳನ್ನೇ ಬರೆದು ಸೇರಿಸಬೇಕಿತ್ತು, ಅದೂ ಅವರ ಫಾಂಟ್‌ನಲ್ಲೇ. ಬ್ಲೂಟೂತ್ ಕೀಬೋರ್ಡ್‌ಗೆ ನನ್ನ ಬೆರಳಿಗೆ ರೂಢಿಯಾದ, ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿ ವಿನ್ಯಾಸ ಹೊಂದಲಿಲ್ಲ. ಪರದೆಯ ಮೇಲಿನ ಕೀಲಿಗಳನ್ನು ಕುಟ್ಟಿ ಕುಟ್ಟಿ ಎರಡು ಪ್ಯಾರಾಕ್ಕೆ ಸುಸ್ತಾದೆ.

ದಾರಿ ತೋರಿಸಿದ್ದು ಲಾಡ್ಜಿನ ಹುಡುಗ. ತಾಲ್ಲೂಕು ಕಚೇರಿ ಇದ್ದ ಕಡೆ ಬಾಂಡ್ ಪೇಪರು, ಅರ್ಜಿ ಟೈಪು ಮಾಡಿಕೊಡುವ ಡಿಟಿಪಿ ಅಂಗಡಿ ಇದ್ದೇ ಇರುತ್ತದೆ, ಅಲ್ಲಿ ನುಡಿಯೂ ಇರುತ್ತದೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಹೋಗಿ ಕೂತೆ. ಅಂಗಡಿಯಾತ ಫೈಲ್ ನೋಡಿ, "ಇದಾ ಮೇಡಂ? ದಿನಾ ಮಾಡೂದ ರೀ," ಎಂದು ಕುರ್ಚಿ ಬಿಟ್ಟುಕೊಟ್ಟ. ಧೂಳು ಹಿಡಿದ ಕೀಬೋರ್ಡಿನ ಮೇಲೆ ಬೆರಳುಗಳು ತಾವೇ ಓಡಿದವು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು, ಚಹಾ ಕುಡಿದು ಹೊರಬಿದ್ದೆ. ಪೆನ್‌ಡ್ರೈವ್‌ನಲ್ಲಿ ವೈರಸ್ ಬಂದಿದ್ದರೂ ಬಂದಿರಬಹುದು. ಮನೆಗೆ ಬಂದಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ.

ಹೋದ ಊರೇ ಕೆಲಸವಾಗಿರುವವರಿಗೆ, ಅಂದರೆ ನೋಡುವ, ಓದುವ, ಗುರುತು ಹಾಕಿಕೊಳ್ಳುವ ಜನಕ್ಕೆ ಟ್ಯಾಬ್ ಸಾಕೆಂದು ಮಾತ್ರವಲ್ಲ, ಲ್ಯಾಪ್‌ಟಾಪ್‌ಗಿಂತ ಮೇಲೆಂದೇ ನಾನು ಹೇಳುವುದು. ಬಿಟ್ಟುಬಂದ ಊರಿನ ಕೆಲಸ ಹಿಂದೆಯೇ ಬರುವವರಿಗೆ, ಆ ಕೆಲಸ ಯಾವ ತಂತ್ರಾಂಶದಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಟ್ಯಾಬ್‌ನ ಚಿಪ್ ಎಷ್ಟು ಚುರುಕು ಎಂದು ಕೇಳಿ ಏನೂ ಉಪಯೋಗವಿಲ್ಲ. ಕ್ಯಾಮೆರಾದಿಂದ ದೊಡ್ಡ ಫೈಲ್‌ಗಳನ್ನು ಹಾರ್ಡ್ ಡಿಸ್ಕ್‌ಗೆ ನಕಲು ಮಾಡುವುದೂ ಟ್ಯಾಬ್‌ನಲ್ಲಿ ತಾಪತ್ರಯವೇ. ಪರದೆ ಆರಿದರೆ ನನ್ನದರಲ್ಲಿ ನಕಲು ಅರ್ಧಕ್ಕೇ ನಿಲ್ಲುತ್ತಿತ್ತು.

ವಾಪಸ್ ರೈಲಿನಲ್ಲಿ ಎದುರು ಕೂತವರು ಬಾಗಲಕೋಟೆ ಕಡೆಯ ಗುತ್ತಿಗೆದಾರರು. ಟ್ಯಾಬ್ ತಗೊಂಡರೆ ಹೇಗೆ ಎಂದು ವಿಚಾರಿಸಿದರು.

"ಟೆಂಡರ್ ಹಾಕಾಕ ಡಿಜಿಟಲ್ ಸಹಿ ಡಾಂಗಲ್ ಚುಚ್ಚಬೇಕಲ್ರೀ ಅಕ್ಕಾರ, ಅದು ಇದರಾಗ ನಡಿತೈತೇನು?"

ನಡೆಯುವುದು ಕಷ್ಟ, ಅದಕ್ಕೆ ಕಂಪ್ಯೂಟರೇ ಬೇಕು ಎಂದೆ.

"ಹಂಗಾದ್ರ ನಮಗ ಬ್ಯಾಡ ಬಿಡ್ರಿ," ಎಂದವರು, ಚಿತ್ರಗಳನ್ನಾದರೂ ನೋಡೋಣವೆಂದು ಕೈಚಾಚಿ ಟ್ಯಾಬ್ ತೆಗೆದುಕೊಂಡರು. ಐಹೊಳೆಯ ದುರ್ಗದ ಗುಡಿ ಬಂದಾಗ ಬೆರಳು ನಿಲ್ಲಿಸಿ, ಗುಡಿಯನ್ನು ಬಿಟ್ಟು ಮೂಲೆಯಲ್ಲಿ ಕಂಡ ರಸ್ತೆಯನ್ನು ಹಿಗ್ಗಿಸಿ ನೋಡತೊಡಗಿದರು. "ಇದರ ಡಾಂಬರು ಯಾರು ಹಾಕ್ಯಾರ ಗೊತ್ತೇನ್ರಿ?" ಎಂದು ಶುರು ಮಾಡಿದ ಮಾತು ಗದಗ ಬಂದರೂ ಮುಗಿಯಲಿಲ್ಲ.