ಏಳು-ಮೂರು ಅಂದರೆ ಜುಲೈ ಮೂರು

ಟೆಂಡರ್ ಮುಗಿದ ಮಧ್ಯಾಹ್ನ ಹೆಗಡೆಯವರೊಬ್ಬರು ಪಟ್ಟಿ ಹಿಡಿದು ಕೌಂಟರಿಗೆ ಬಂದರು. "ತಮ್ಮಾ, ನಾನು ತಂದದ್ದು ರಾಶಿ. ಕೆಂಪುಗೋಟಿನ ದರ ಹಾಕಿದೆಯಲ್ಲ?" ಎರಡೂ ಅಡಿಕೆಯ ಬಗೆ, ರಾಶಿಗೆ ದರ ಜಾಸ್ತಿ. ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು.

ನಾನು ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುವವ. ಮೊದಲು ನಮ್ಮಲ್ಲಿ ಹಳೇ ಸಾಫ್ಟ್‌ವೇರ್ ಇತ್ತು. ಕಪ್ಪು ಪರದೆ, ಮೌಸ್ ನಡೆಯುತ್ತಿರಲಿಲ್ಲ. ಅಡಿಕೆ ಇಟ್ಟ ಸಾಲಿನ ನಂಬರಿಗೊಂದು ಬಾಕ್ಸು, ಆ ಸಾಲಿನ ಲಾಟಿಗೆ, ಅಂದರೆ ಒಬ್ಬ ರೈತನ ಮಾಲಿನ ನಂಬರಿಗೆ, ಇನ್ನೊಂದು ಬಾಕ್ಸು. ತಪ್ಪು ಲಾಟ್ ಹೊಡೆದರೆ ಕುಂಯ್ ಅಂದು ನಿಂತುಬಿಡುತ್ತಿತ್ತು. ಕಲಿಯೋಕೆ ಎರಡು ತಿಂಗಳು ಹಿಡಿಯಿತು. ಅದನ್ನು ತೆಗೆಸಿ ಎಕ್ಸೆಲ್ ತರಿಸಿದ್ದು ನಾನೇ. "ಯಾರು ಬೇಕಾದರೂ ಮಾಡಬಹುದು ಸರ್" ಅಂತ ಮ್ಯಾನೇಜರಿಗೆ ಹೇಳಿದ್ದೆ. ಅವರು ಖುಷಿಯಾಗಿ, ಪಕ್ಕದಲ್ಲಿ ಕೂತು ಲಾಟ್ ಓದಿ ಹೇಳುತ್ತಿದ್ದ ಭಟ್ಟರನ್ನು ಗೋದಾಮಿಗೆ ಕಳಿಸಿದರು. ಒಂದು ಸಂಬಳ ಉಳಿದ ಹಾಗೆ ಮುಖ ಮಾಡಿದ್ದರು.

ಆ ದಿನ ಏಳು ಸಾಲು, ಸಾಲಿಗೆ ಏಳು ಲಾಟ್. ಒಟ್ಟು 49. ಏಳನೇ ಸಾಲಿನ ಮೂರನೇ ಲಾಟಿನ ನಂಬರು 7-3. ಬೆಳಿಗ್ಗೆ ನಂಬರು, ಹೆಸರು, ತೂಕ ಎಲ್ಲ ಹೊಡೆದು ಚಹಾ ಕುಡಿದು ಬಂದು ನೋಡುತ್ತೇನೆ, ಲಾಟ್ ಕಾಲಮ್ಮಿನ ತುಂಬ ತಾರೀಕು! ಟೆಂಡರ್ ಪೆಟ್ಟಿಗೆ ತೆರೆಯೋಕೆ ಹತ್ತು ನಿಮಿಷ ಇತ್ತು. ವ್ಯಾಪಾರಿಗಳು ಬಾಗಿಲಲ್ಲೇ ನಿಂತಿದ್ದರು. ಹೊಡೆದದ್ದು ಹಾಗೇ ಇರಲಿ ಅಂತ ಕಾಲಮ್ಮನ್ನು ಟೆಕ್ಸ್ಟ್ ಮಾಡಿದೆ. ಜುಲೈ ಮೂರು ಹೋಗಿ 45841 ಬಂತು, ಎಕ್ಸೆಲ್ ಒಳಗೆ ತಾರೀಕನ್ನು ದಿನಗಳ ಎಣಿಕೆಯಾಗಿ ಇಡುತ್ತದೆ. ಎದೆ ಧಸಕ್ ಅಂದಿತು. ಅನ್‌ಡೂ ಹೊಡೆದೆ. ತಾರೀಕು ವಾಪಸ್ ಬಂದವು.

ತೂಕದ ಪುಸ್ತಕ ಗೋದಾಮಿನಲ್ಲಿತ್ತು, ಐವತ್ತು ಹೆಜ್ಜೆ ದೂರ. ಹೋಗಲಿಲ್ಲ. ಜುಲೈ ಮೂರು ಅಂದರೆ ಮೂರು-ಏಳು ತಾನೇ, ಇದಕ್ಕೆ ಪುಸ್ತಕ ಯಾಕೆ ಅಂದುಕೊಂಡೆ. ಪರದೆಯ ತಾರೀಕುಗಳನ್ನು ಕಾಗದಕ್ಕೆ ಇಳಿಸಿಕೊಂಡು, ಕಾಲಮ್ಮನ್ನು ಮತ್ತೆ ಟೆಕ್ಸ್ಟ್ ಮಾಡಿ, ಎಲ್ಲ ಹೊಸದಾಗಿ ಹೊಡೆದೆ. ಎಣಿಸಿದೆ, 49 ಸರಿಯಾಗಿತ್ತು. ವ್ಯಾಪಾರಿಗಳ ಟೆಂಡರ್ ಚೀಟಿ ನೋಡಿ ದರ ತುಂಬಿದೆ, ಪಟ್ಟಿ ತೆಗೆದೆ. ಬೆನ್ನು ತಟ್ಟಿಕೊಂಡೆ ಕೂಡ.

ಲ್ಯಾಪ್‌ಟಾಪ್ ಅಮೆರಿಕದ ಲೆಕ್ಕದಲ್ಲಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಾನು ಹೊಡೆದ ಏಳು-ಮೂರು ಜುಲೈ ಮೂರಾಯಿತು, ನಾನದನ್ನು ಮೂರು-ಏಳು ಮಾಡಿದೆ. ಮೂರು-ಏಳು ಮಾರ್ಚ್ ಏಳಾಗಿ ಏಳು-ಮೂರಾಯಿತು. 1-1, 2-2 ಅಂತ ಏಳು ಲಾಟ್ ಮಾತ್ರ ಬಚಾವ್. ಉಳಿದ 42 ಲಾಟಿನ ದರವೂ ಅದಲು ಬದಲು. ರಾಶಿಗೆ ಕೆಂಪುಗೋಟು, ಚಾಲಿಗೆ ಕೋಕಾ. ಹಣ ಬ್ಯಾಂಕಿಗೆ ಹೋಗುವುದು ಸಂಜೆ, ಅಷ್ಟು ಪುಣ್ಯ.

ಇದು ನನ್ನೊಬ್ಬನ ಗ್ರಹಚಾರ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಮಾರ್ಚ್1, ಸೆಪ್ಟ್1 ಅನ್ನೋ ಮನುಷ್ಯನ ಜೀನ್‌ಗಳನ್ನೂ ಎಕ್ಸೆಲ್ ತಾರೀಕು ಮಾಡುತ್ತಿತ್ತು. ಕಡೆಗೆ ವಿಜ್ಞಾನಿಗಳೇ ಸೋತು ಜೀನ್‌ಗಳ ಹೆಸರು ಬದಲಿಸಿದರು, ಅದಕ್ಕಾಗಿ 2020ರಲ್ಲಿ ಹೊಸ ನಿಯಮವೇ ಬಂತು. ಅಕ್ಷರ-ಅಂಕಿ ಸೇರಿದ ಇಂಥ ಹೆಸರು ತಾರೀಕಾಗದಂತೆ ತಡೆಯುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಕೊಟ್ಟದ್ದು 2023ರಲ್ಲಿ. ನಮ್ಮಲ್ಲಿರುವುದು 2010ರ ಎಕ್ಸೆಲ್. ಹೊಸದು ಕೇಳಿದರೆ ಮ್ಯಾನೇಜರ್ "ನೋಡೋಣ" ಅಂತಾರೆ.

ಸುಲಭದ ಸಾಫ್ಟ್‌ವೇರ್ ಕೆಲಸ ಕೆಡಿಸುತ್ತದಾ? ಹಳೆಯದರಲ್ಲಿ ಸುಮ್ನೆ ಗೋಳು ಹೊಯ್ಯುವ ಕಷ್ಟ ಬೇಕಾದಷ್ಟಿತ್ತು, ಅದು ಹೋದದ್ದೇ ಒಳ್ಳೆಯದು. ಆದರೆ ಆ ಕುಂಯ್ ಕೂಡ ಅದರ ಜತೆ ಹೋಯಿತು. ಭಟ್ಟರ ಬಾಯೂ ಹೋಯಿತು. ಎಕ್ಸೆಲ್ ಏನು ಹೊಡೆದರೂ ಬೇಡ ಅನ್ನಲಿಲ್ಲ, ನಾನು ಅದನ್ನೇ ಸರಿ ಅಂದುಕೊಂಡೆ.

ಈಗ ಲಾಟ್ ಹೊಡೆಯುವ ಮೊದಲೇ ಕಾಲಮ್ಮನ್ನು ಟೆಕ್ಸ್ಟ್ ಮಾಡುತ್ತೇನೆ. ಟೆಂಡರ್ ದಿನ ಒಂದು ಗಂಟೆ ಭಟ್ಟರು ಬಂದು ಕೂರುತ್ತಾರೆ, ಮ್ಯಾನೇಜರಿಗೆ ಹೇಳಿಲ್ಲ. ಆವತ್ತು ಕೆಂಪುಗೋಟಿಗೆ ರಾಶಿಯ ದರದ ಪಟ್ಟಿ ಪಡೆದು ಮಾತಾಡದೆ ಬಸ್ಸು ಹತ್ತಿದ್ದ ಇನ್ನೊಬ್ಬ ಹೆಗಡೆಯವರು ಈಗಲೂ ಅಡಿಕೆ ತರುತ್ತಾರೆ. ಬಂದಾಗಲೆಲ್ಲ ಕೇಳುತ್ತಾರೆ: "ಈ ಸಲ ನಂದು ಯಾವ ತಿಂಗಳು ತಮ್ಮಾ?"