ಪೇಟಿ ಮಾಸ್ತರರ ಸಭೆಯಲ್ಲಿ ಆಯಿ ಅರ್ಧಕ್ಕೆ ಬಿಟ್ಟ ಪದ

ಈ ರವಿವಾರ ಕಲಬುರಗಿ ಬಳಿಯ ಶಹಾಬಾದಿನಲ್ಲಿ ನಮ್ಮ ಪೇಟಿ (ಹಾರ್ಮೋನಿಯಂ) ಮಾಸ್ತರರಿಗೆ ನುಡಿನಮನ ಇತ್ತು. ಫ್ಲೆಕ್ಸಿನಲ್ಲಿ ಮಾಸ್ತರರ ಮುಖಕ್ಕಿಂತ ಶ್ರದ್ಧಾಂಜಲಿ ಸಲ್ಲಿಸುವವರ ಮುಖಗಳೇ ದೊಡ್ಡದಾಗಿದ್ದವು. ಇರಲಿ, ಈಗ ಎಲ್ಲ ಕಡೆಯೂ ಹಾಗೆಯೇ. ಅವತ್ತಿನಿಂದ ನನ್ನ ತಲೆಯಿಂದ ಇಳಿಯದೇ ಇರುವುದು ಆಯಿ ಅರ್ಧಕ್ಕೆ ನಿಲ್ಲಿಸಿದ ಪದ.

ಭಾಷಣಗಳೆಲ್ಲ ಮುಗಿದ ಮೇಲೆ, ಭಜನಾ ಮಂಡಳಿಯ ಹಿರಿಯರಾದ ಆಯಿಗೆ ಒಂದು ತತ್ವಪದ ಹಾಡಿ ಎಂದರು. ಪೇಟಿ ಬಾರಿಸುವವರೇ ಹೋಗಿದ್ದಾರಲ್ಲ, ಅದಕ್ಕೆ ಮೈಕ್ ಸೆಟ್ಟಿನ ಹುಡುಗ ಮೊಬೈಲಿನಿಂದ ಅದೇ ಪದದ ಟ್ರ್ಯಾಕ್ ಹಾಕಿದ. ಆಯಿ ತಮ್ಮ ಶ್ರುತಿಯಲ್ಲಿ ಎತ್ತಿಕೊಂಡರು. ಟ್ರ್ಯಾಕ್ ಅದಕ್ಕಿಂತ ಎರಡು ಮನೆ, ಅಂದರೆ ಪೇಟಿಯ ಎರಡು ಕೀಲಿಯಷ್ಟು, ಮೇಲಿತ್ತು. ಇವರು ಪಲ್ಲವಿ ಮುಗಿಸುವಷ್ಟರಲ್ಲಿ ಅದು ಮುಂದಿನ ನುಡಿಗೆ ಹೋಗಿಬಿಟ್ಟಿತ್ತು. ಹುಡುಗ ಕೆಳಗಿನಿಂದ ಬೇಗ ಬೇಗ ಎಂದು ಕೈಸನ್ನೆ ಮಾಡುತ್ತಿದ್ದ. ಆಯಿ ಹಾಡು ನಿಲ್ಲಿಸಿ ಮೈಕಿನಲ್ಲೇ ಹೇಳಿದರು: "ಇದು ನನ್ನ ಮಾತು ಕೇಳುವುದಿಲ್ಲಪ್ಪ. ನಾನು ತಪ್ಪಿದ್ದು ಊರಿಗೆ ಗೊತ್ತಾಗಲು ಮಾಸ್ತರ ಒಂದು ದಿನವೂ ಬಿಡಲಿಲ್ಲ."

ಅಷ್ಟು ಹೇಳಿ ಕುಳಿತುಬಿಟ್ಟರು. ನಿರೂಪಕರು ಗಡಿಬಿಡಿಯಲ್ಲಿ ವಂದನಾರ್ಪಣೆಗೆ ಕರೆದರು.

ಅದಕ್ಕೂ ಮುಂಚೆ ಮುಖ್ಯ ಅತಿಥಿಗಳು ಬಹಳ ಹೊತ್ತು ಮಾತನಾಡಿದ್ದರು. ಮಾಸ್ತರರು ಗದುಗಿನ ಪುಟ್ಟರಾಜ ಗವಾಯಿಗಳ ಶಿಷ್ಯರಂತೆ, ಆಕಾಶವಾಣಿಯಲ್ಲಿ ಮೆರೆದವರಂತೆ, ಪುಣೆಗೋ ಬೆಂಗಳೂರಿಗೋ ಹೋಗಿದ್ದರೆ ಎಲ್ಲಿಯೋ ಇರುತ್ತಿದ್ದರಂತೆ. ಮಾಸ್ತರರು ಗದಗ ಕಂಡಿದ್ದು ಹುಬ್ಬಳ್ಳಿಗೆ ಹೋಗುವ ರೈಲಿನ ಕಿಟಕಿಯಿಂದ. ಅವರು ಕಲಿತದ್ದು ನಾಟಕ ಕಂಪನಿಯ ಪೇಟಿಯವರೊಬ್ಬರ ಹಿಂದೆ ಸಾಮಾನು ಹೊತ್ತು ತಿರುಗಿ. ಇನ್ನು ಆಕಾಶವಾಣಿಯ ಮಾತು ಬಂದರೆ ಸ್ವತಃ ಅವರೇ ನಗುತ್ತಿದ್ದರು. 1940ರಲ್ಲಿ ಹಾರ್ಮೋನಿಯಂಗೆ ಹಾಕಿದ ನಿಷೇಧವನ್ನು ಆಕಾಶವಾಣಿ ಸಡಿಲಿಸಿದ್ದು 1971ರಲ್ಲಿ. ಪರದೇಶದ ವಾದ್ಯ, ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ಮೀಂಡ್ ಎಳೆಯಲಾಗುವುದಿಲ್ಲ ಎಂಬ ತಕರಾರು. 1966ರಲ್ಲಿ ಆಕಾಶವಾಣಿಯ ಕಲಬುರಗಿ ಕೇಂದ್ರ ಶುರುವಾದಾಗಲೂ ಆ ನಿಷೇಧ ಜಾರಿಯಲ್ಲಿತ್ತು. "ತಂಬೂರಿ ಒಳಗೆ, ನನ್ನ ಪೇಟಿ ಗೇಟಿನ ಹೊರಗೆ" ಎನ್ನುತ್ತಿದ್ದರು ಮಾಸ್ತರರು.

ತಕರಾರೇನೂ ಸುಳ್ಳಲ್ಲ. ಪೇಟಿಯ ಮನೆಗಳು ಇದ್ದಲ್ಲೇ ಇರುತ್ತವೆ, ಸರಿದುಕೊಳ್ಳಬೇಕಾದವರು ಬಾರಿಸುವವರು. ಆಯಿ ಮೊದಲ ಸಾಲು ಎತ್ತುವವರೆಗೆ ಮಾಸ್ತರರು ಗಾಳಿ ಹಾಕದೆ ಸುಮ್ಮನಿರುತ್ತಿದ್ದರು. ಬಲಗೈ ಬೆರಳುಗಳು ಮಾತ್ರ ಸದ್ದಿಲ್ಲದೆ ಮನೆಗಳ ಮೇಲೆ ಓಡಾಡಿ ಒಂದು ಕಡೆ ನಿಲ್ಲುತ್ತಿದ್ದವು. ಹಗಲೆಲ್ಲ ಕಲ್ಲಿನ ಖಣಿಯಲ್ಲಿ ಫರ್ಸಿ (ನೆಲಕ್ಕೆ ಹಾಸುವ ಕಲ್ಲು) ಅಳೆಯುವ ಕೆಲಸ, ಹಾಗಾಗಿ ಉಗುರಿನ ಸಂದಿಯಲ್ಲಿ ಯಾವಾಗಲೂ ಬೂದು ಪುಡಿ. ಬೆರಳು ನಿಂತ ಮೇಲೆ ಗಾಳಿ, ಆಮೇಲೆ ಸ್ವರ. ಆಯಿ ನಡುವೆ ಶ್ರುತಿ ಇಳಿಸಿದರೆ ಪೇಟಿಯೂ ಇಳಿಯುತ್ತಿತ್ತು. ಅವರು ನುಡಿ ಮರೆತು ತಡವರಿಸಿದರೆ ಮಾಸ್ತರರು ಪಲ್ಲವಿಯ ಧಾಟಿಯನ್ನೇ ಇನ್ನೊಂದು ಸುತ್ತು ತಿರುಗಿಸುತ್ತಿದ್ದರು. ತಬಲಾದ ಚಾಚಾ ಏನೂ ಆಗದವರ ಹಾಗೆ ಠೇಕಾ ಹಿಡಿದಿರುತ್ತಿದ್ದರು. ಕೆಳಗೆ ಕುಳಿತ ನಾವು ಅದೂ ಹಾಡಿನ ಸೊಗಸೇ ಎಂದುಕೊಂಡು ತಲೆದೂಗುತ್ತಿದ್ದೆವು.

ಶ್ರಾವಣದಲ್ಲಿ ತಿಂಗಳಿಡೀ ಗುಡಿಯ ಪುರಾಣಕ್ಕೆ, ಸುಗ್ಗಿ ಮುಗಿದ ಮೇಲೆ ಹಳ್ಳಿ ಹುಡುಗರ ನಾಟಕಕ್ಕೆ, ಉರುಸಿನಲ್ಲಿ ಕವ್ವಾಲರ ಪೇಟಿಯವನು ಕೈಕೊಟ್ಟರೆ ಅಲ್ಲಿಗೂ ಹೋಗುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಹೋಗಿದ್ದು ಸತ್ತವರ ಮನೆಗೆ. ಹೆಣ ಇಟ್ಟ ರಾತ್ರಿ ನಮ್ಮಲ್ಲಿ ಬೆಳಗಿನವರೆಗೆ ಭಜನೆ ನಡೆಯುತ್ತದೆ, ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳಿಲ್ಲದೆ ಅದು ಮುಗಿಯುವುದಿಲ್ಲ. ನನ್ನ ತಂದೆ ತೀರಿಕೊಂಡ ರಾತ್ರಿ ಹಾಡುವವರ ಗಂಟಲು ಕಟ್ಟಿತು. ಮಾಸ್ತರರು ಪೇಟಿಯೊಂದನ್ನೇ ನುಡಿಸುತ್ತಾ ಕುಳಿತರು. ಅಷ್ಟು ಹೊತ್ತು ಗೋಳಾಡಿದ್ದ ಅವ್ವ ಆಗ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಬೆಳಿಗ್ಗೆ ದುಡ್ಡು ಕೊಡಲು ಹೋದರೆ, "ಇದಕ್ಕೆ ಬೇಡ. ಮದುವೆ ಇದ್ದಾಗ ಕೊಡಿ, ಇಸಿದುಕೊಳ್ಳುತ್ತೇನೆ" ಎಂದರು. ಮದುವೆಗೆ ಈಗ ಯಾರು ಪೇಟಿ ಕರೆಸುತ್ತಾರೆ, ಡಿಜೆ ಬರುತ್ತದೆ.

ಸರ್ಕಾರ ಇವರನ್ನು ಗುರುತಿಸಲಿಲ್ಲ ಎಂದು ವೇದಿಕೆಯ ಮೇಲೆ ಕೊರಗಿದವರು ಒಬ್ಬಿಬ್ಬರಲ್ಲ. ಕಲಾವಿದರ ಮಾಸಾಶನದ ಅರ್ಜಿ ತುಂಬಲು ನಾವು ಹಿಂದೊಮ್ಮೆ ಅವರನ್ನು ಕೂರಿಸಿಕೊಂಡಿದ್ದೆವು. ಕಾರ್ಯಕ್ರಮ ಕೊಟ್ಟದ್ದಕ್ಕೆ ಆಮಂತ್ರಣ ಪತ್ರಿಕೆ, ಫೋಟೊ, ಪ್ರಮಾಣಪತ್ರ ಲಗತ್ತಿಸಿ ಎಂದರು ಕಚೇರಿಯವರು. ಸತ್ತವರ ಮನೆಯ ಭಜನೆಗೆ ಆಮಂತ್ರಣ ಪತ್ರಿಕೆ ಯಾರು ಅಚ್ಚು ಹಾಕಿಸುತ್ತಾರೆ? ಹೆಣ ಬಿಟ್ಟು ಪೇಟಿಯವರ ಫೋಟೊ ಯಾರು ತೆಗೆಯುತ್ತಾರೆ? ಮಾಸ್ತರರು ಆ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಪೇಟಿಯ ಒಂದು ಮೂಲೆಗೆ ಆನಿಕೆ ಕೊಟ್ಟರು.

ಪುಣೆಗೆ ಹೋಗಿದ್ದರೆ ಎನ್ನುವ ಮಾತು ನನಗೆ ಹೊಗಳಿಕೆಯಾಗಿ ಕೇಳಿಸಲೇ ಇಲ್ಲ. ಪುಣೆಯಲ್ಲಿ ಅವರು ಶ್ರುತಿ ಬಲ್ಲವರಿಗೆ ಸಾಥ್ ಕೊಡುತ್ತಿದ್ದರು. ಅದನ್ನು ಮಾಡುವವರು ಅಲ್ಲಿ ಸಾಕಷ್ಟು ಜನ ಇದ್ದಾರೆ. ಇಲ್ಲಿ ಹಾಡುವವರು ಹೊಲದಿಂದ, ಖಣಿಯಿಂದ, ಒಲೆಯ ಮುಂದಿನಿಂದ ಎದ್ದು ಬಂದವರು. ನಾವಾದರೋ ಮಗು ಒಂದು ಅಕ್ಷರ ತಪ್ಪಿದರೂ ಬಂದ ನೆಂಟರ ಎದುರಿಗೇ ತಿದ್ದುತ್ತೇವೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಿರಿಯರೊಬ್ಬರು ಒತ್ತಕ್ಷರ ಬಿಟ್ಟು ಬರೆದರೆ ನಗುವ ಮುಖಗಳ ಸಾಲೇ ಬೀಳುತ್ತದೆ. ಆ ಮುಖ್ಯ ಅತಿಥಿಗಳು ಮಾಸ್ತರರ ಹೆಸರನ್ನೇ ಎರಡು ಸಲ ತಪ್ಪಾಗಿ ಹೇಳಿದರು. ಮಾಸ್ತರರು ಇದ್ದಿದ್ದರೆ ಅದಕ್ಕೂ ಎದ್ದು ನಿಂತು ಕೈಮುಗಿಯುತ್ತಿದ್ದರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಭೆ ಮುಗಿದ ಮೇಲೆ ವೈರು ಸುತ್ತುತ್ತಿದ್ದ ಹುಡುಗ ಚಾಚಾರ ಬಳಿ ಬಂದ. ಮುಖ ಸಣ್ಣದಾಗಿತ್ತು. "ಆಯಿಯ ಶ್ರುತಿ ಯಾವುದು ಚಾಚಾ? ಹೇಳಿದರೆ ಮೊಬೈಲಿನಲ್ಲಿ ಇಳಿಸಿಕೊಳ್ಳಲು ಬರುತ್ತದೆ" ಎಂದ.

ಚಾಚಾ ಡಗ್ಗಾಕ್ಕೆ ಗವಸು ಹಾಕುತ್ತಾ ಹೇಳಿದರು: "ಅದು ಅವತ್ತಿನ ಕೆಮ್ಮಿನ ಮೇಲೆ ಬೇಟಾ."